ಗಾಯದೊಳಗೇ ಚುಚ್ಚುವ ಇಂಜೆಕ್ಷನ್

ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುತ್ತಾರೆ. ನನಗೆ ಕಚ್ಚಿದ ನಾಯಿ ಬೊಗಳಲೇ ಇಲ್ಲ.

ತಿಪಟೂರು ಕಡೆಯ ಒಂದು ಹಳ್ಳಿ. ವಿಮೆ ಕಂತಿನ ವಿಷಯ ಮಾತಾಡಲು ಹೋಗಿದ್ದೆ, ಅದೇ ನನ್ನ ಕೆಲಸ. ಬೈಕಿಗೆ ಸ್ಟ್ಯಾಂಡ್ ಹಾಕಿ ಹೆಲ್ಮೆಟ್ ತೆಗೆಯುತ್ತಿದ್ದೆ. ತೆಂಗಿನ ಮಟ್ಟೆ ರಾಶಿಯ ಹಿಂದಿನಿಂದ ಒಂದು ಕಂದು ನಾಯಿ ಬಂತು, ಮೀನಖಂಡಕ್ಕೆ ಬಾಯಿ ಹಾಕಿತು, ಬಿಟ್ಟು ಹೋಯಿತು. ಓಡಲೂ ಇಲ್ಲ, ನಡೆದುಕೊಂಡೇ ಹೋಯಿತು. ಪ್ಯಾಂಟಿನಲ್ಲಿ ಎರಡು ತೂತು. ಮೇಲೆತ್ತಿ ನೋಡಿದರೆ ಕಾಲಲ್ಲೂ ಎರಡು ತೂತು, ಜೊತೆಗೊಂದು ಗೀರು. ರಕ್ತ ಸುರಿಯುತ್ತಿರಲಿಲ್ಲ, ಸುಮ್ನೆ ಒಸರುತ್ತಿತ್ತು.

ಆ ಮನೆಯ ಅಜ್ಜಿ ಒಳಗಿಂದ ಸುಣ್ಣ, ಅರಿಶಿನ ತಂದರು. ಪಕ್ಕದ ಮನೆಯವರು ಬಂದು, "ಖಾರದ ಪುಡಿ ತುಂಬಿ ಸ್ವಾಮಿ, ನಂಜು ಇಳಿಯುತ್ತೆ" ಅಂದರು. ಇನ್ನೊಬ್ಬರು ಬಾಳೆಹಣ್ಣಿನಲ್ಲಿ ಔಷಧ ಇಟ್ಟು ಕೊಡುವವರ ಊರು ಹೇಳಿದರು. ಎಲ್ಲರದ್ದೂ ಒಳ್ಳೆಯ ಮನಸ್ಸೇ. ನಾನು ಎಲ್ಲರಿಗೂ ಹೂಂ ಅಂದು ಅಕ್ಕನ ಮಗಳಿಗೆ ಫೋನ್ ಮಾಡಿದೆ. ಅವಳು ಬೆಂಗಳೂರಿನಲ್ಲಿ ಮೈಕ್ರೋಬಯಾಲಜಿಯಲ್ಲಿ ಎಂ.ಡಿ. ಓದುತ್ತಿದ್ದಾಳೆ.

"ಮಾವ, ರಕ್ತ ಬಂದಿದ್ಯಾ?"

"ಒಂಚೂರು."

"ನಲ್ಲಿ ಎಲ್ಲಿದೆ ನೋಡಿ. ಸೋಪು ಹಾಕಿ ತೊಳೀರಿ. ಹದಿನೈದು ನಿಮಿಷ. ಗಡಿಯಾರ ನೋಡ್ಕೊಂಡು. ಸುಣ್ಣ ಗಿಣ್ಣ ಏನೂ ಹಚ್ಚಬೇಡಿ. ಆಮೇಲೆ ಮಾತಾಡೋಣ."

ಹದಿನೈದು ನಿಮಿಷ ಅಂದರೆ ಎಷ್ಟು ಉದ್ದ ಅಂತ ಅವತ್ತು ಗೊತ್ತಾಯಿತು. ಬಟ್ಟೆ ಒಗೆಯುವ ಸೋಪೇ ಸಿಕ್ಕಿದ್ದು. ಒಗೆಯುವ ಕಲ್ಲಿನ ಮೇಲೆ ಕಾಲಿಟ್ಟು, ನೊರೆ ಮಾಡಿ, ನೀರು ಬಿಟ್ಟು, ಮತ್ತೆ ನೊರೆ ಮಾಡಿ. ಎರಡು ನಿಮಿಷಕ್ಕೇ ಸಾಕು ಅನ್ನಿಸಿಬಿಡುತ್ತದೆ. ಅಜ್ಜಿ ಪಕ್ಕದಲ್ಲಿ ನಿಂತು, "ಇದೇನು, ಇಷ್ಟು ಉಜ್ಜಿದ್ರೆ ಚರ್ಮಾನೇ ಹೋಗುತ್ತೆ" ಅಂತಿದ್ದರು.

ಸೋಪಿನ ವಿಷಯ ಆಮೇಲೆ ಅವಳು ಬಿಡಿಸಿ ಹೇಳಿದಳು. ರೇಬೀಸ್ ವೈರಸ್ಸಿನ ಹೊರಗೆ ಒಂದು ಕೊಬ್ಬಿನ ಪೊರೆ ಇರುತ್ತದೆ. ತಾನು ಹುಟ್ಟಿದ ಜೀವಕೋಶದಿಂದ ಹೊರಬರುವಾಗ ಅಲ್ಲಿಂದಲೇ ಹೊದ್ದುಕೊಂಡು ಬಂದದ್ದು. ಸೋಪು ಕೊಬ್ಬನ್ನು ಒಡೆಯುತ್ತದೆ. ಪೊರೆ ಹೋಯಿತು ಅಂದರೆ ವೈರಸ್ಸು ಯಾವ ಜೀವಕೋಶವನ್ನೂ ಹೊಗಲಾರದು. ನೀರು ಹರಿಯುತ್ತಾ ಇದ್ದರೆ ಒಳಗೆ ಸೇರಿದ ಜೊಲ್ಲು ಕೂಡ ಕೊಚ್ಚಿಹೋಗುತ್ತದೆ. ಖಾರದ ಪುಡಿ, ಸುಣ್ಣ ಇದ್ಯಾವುದನ್ನೂ ಮಾಡುವುದಿಲ್ಲ. ಬದಲಿಗೆ ಗಾಯ ಕೆರಳಿಸಿ ವೈರಸ್ಸಿಗೇ ದಾರಿ ಮಾಡಿಕೊಡಬಹುದು.

ವಾಪಸ್ ಬರುವ ದಾರಿಯಲ್ಲಿ ಒಂದು ಕ್ಲಿನಿಕ್ ಸಿಕ್ಕಿತು. ಡಾಕ್ಟರು ಗಾಯ ನೋಡಿ ಟಿಟಿ ಇಂಜೆಕ್ಷನ್ ಕೊಟ್ಟರು, ಮಾತ್ರೆ ಬರೆದರು. "ಸಾಕಿದ ನಾಯಿನಾ?" ಅಂತ ಕೇಳಿದರು. ಹಳ್ಳಿಯದ್ದು, ಎಲ್ಲರ ಮನೆಯ ಅನ್ನ ತಿಂದುಕೊಂಡಿರುತ್ತೆ ಅಂದೆ. "ಹಾಗಾದ್ರೆ ಹತ್ತು ದಿನ ನಾಯಿ ನೋಡಿ. ಸತ್ತರೆ ಬನ್ನಿ, ಇಂಜೆಕ್ಷನ್ ಶುರು ಮಾಡೋಣ" ಅಂದರು.

ಇದನ್ನು ಫೋನಿನಲ್ಲಿ ಹೇಳಿದಾಗ ಹುಡುಗಿ ಒಂದು ಕ್ಷಣ ಮಾತಾಡಲಿಲ್ಲ. ಆಮೇಲೆ, "ಮಾವ, ಈಗಲೇ ದೊಡ್ಡಾಸ್ಪತ್ರೆಗೆ ಹೋಗಿ. ಲಸಿಕೆ ಕೇಳಿ. ಅದಕ್ಕಿಂತ ಮುಖ್ಯ, ಸೀರಮ್ ಕೇಳಿ. ವೈರಸ್ಸನ್ನ ಹಿಡಿದು ಕಟ್ಟಿಹಾಕೋ ಆಂಟಿಬಾಡಿ ಅದ್ರಲ್ಲಿ ಸಿದ್ಧವಾಗೇ ಇರುತ್ತೆ. ಗಾಯದ ಒಳಗೆ ಕೊಡೋದು" ಅಂದಳು.

"ಗಾಯದ ಒಳಗೆ ಯಾರಮ್ಮ ಚುಚ್ಚುತ್ತಾರೆ?"

"ಚುಚ್ಚುತ್ತಾರೆ. ಚುಚ್ಚಲೇಬೇಕು."

ನಾಯಿ ನೋಡುವುದು ತಪ್ಪಲ್ಲ. ಹತ್ತು ದಿನದ ಲೆಕ್ಕಕ್ಕೂ ಕಾರಣ ಇದೆ. ವೈರಸ್ಸು ನಾಯಿಯ ಜೊಲ್ಲಿಗೆ ಬರುವುದು ಅದರ ಕೊನೆಯ ದಿನಗಳಲ್ಲಿ. ಜೊಲ್ಲಿನಲ್ಲಿ ವೈರಸ್ಸು ಬಂದ ಮೇಲೆ ನಾಯಿ ಹತ್ತು ದಿನ ಚೆನ್ನಾಗಿ ಓಡಾಡಿಕೊಂಡಿರಲು ಸಾಧ್ಯವಿಲ್ಲ. ಹಾಗಾಗಿ ಹತ್ತು ದಿನ ಆದ ಮೇಲೂ ಅದು ಗಟ್ಟಿಮುಟ್ಟಾಗಿದ್ದರೆ, ಕಚ್ಚಿದ ಹೊತ್ತಿಗೆ ಅದರ ಬಾಯಲ್ಲಿ ವೈರಸ್ ಇರಲಿಲ್ಲ ಅಂತ ಅರ್ಥ. ಆದರೆ ಇಂಜೆಕ್ಷನ್ ಶುರು ಮಾಡಿ ನಾಯಿ ನೋಡಬೇಕೇ ಹೊರತು, ನಾಯಿ ನೋಡಿ ಇಂಜೆಕ್ಷನ್ ಶುರು ಮಾಡುವುದಲ್ಲ. ರೇಬೀಸ್ ಇರುವ ದೇಶದಲ್ಲಿ ಆ ಹತ್ತು ದಿನ ಕಾಯುವುದು ದುಬಾರಿ ಜೂಜು. ಈ ಮಾತನ್ನು ನಾನೀಗ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ, ಮನೆಯವರಿಗೆ ಬೇಜಾರು ಬಂದಿದೆ.

ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ನಾಯಿ ಕಡಿತಕ್ಕೆ ಬೇರೆಯೇ ಕೊಠಡಿ, ಬೇರೆಯೇ ಸಾಲು. ಇಷ್ಟು ಜನಕ್ಕೆ ನಾಯಿ ಕಚ್ಚುತ್ತದೆ ಅಂತ ನನಗೆ ಕಲ್ಪನೆಯೇ ಇರಲಿಲ್ಲ. ಯೂನಿಫಾರ್ಮಿನಲ್ಲೇ ಬಂದಿದ್ದ ಹುಡುಗ. ಬೆಕ್ಕು ಪರಚಿದ ಹೆಂಗಸು. ಕೋತಿ ಕಚ್ಚಿದ ಅರ್ಚಕರು. ಇಲಿ ಕಚ್ಚಿದೆ ಅಂತ ಬಂದವರನ್ನು ಮಾತ್ರ ಡಾಕ್ಟರು ಗಾಯ ತೊಳೆಸಿ ಕಳಿಸಿಬಿಟ್ಟರು. ಮನೆಯ ಇಲಿ ಕಚ್ಚಿದ್ದಕ್ಕೆ ಸಾಮಾನ್ಯವಾಗಿ ಈ ಲಸಿಕೆ ಬೇಡವಂತೆ. ಒಂದು ಕುಟುಂಬ ಮಾತ್ರ ಯಾರಿಗೂ ಏನೂ ಕಚ್ಚದೇ ಬಂದಿತ್ತು. ಅವರ ಹಸುವಿಗೆ ಹುಚ್ಚುನಾಯಿ ಕಚ್ಚಿ ಹಸು ಸತ್ತಿತ್ತು, ಅದರ ಹಾಲು ಕುಡಿದಿದ್ದೇವೆ ಅಂತ ಗಾಬರಿ. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ. "ಕಾಯಿಸಿ ಕುಡಿದ್ರಾ, ಹಸಿ ಹಾಲು ಕುಡಿದ್ರಾ?" ಕಾಯಿಸಿದ ಹಾಲಿನಲ್ಲಿ ಈ ವೈರಸ್ ಉಳಿಯುವುದಿಲ್ಲ. ಹಾಗಂತ ಬಿಡಲಿಲ್ಲ. ಹಸುವಿನ ಬಾಯಿಗೆ ಕೈ ಹಾಕಿ ಔಷಧ ಕುಡಿಸಿದ್ದು ಯಾರು ಅಂತ ಕೇಳಿ, ಆ ಮನುಷ್ಯನನ್ನು ಮಾತ್ರ ಸಾಲಿನಲ್ಲಿ ಕೂರಿಸಿದರು.

ನನ್ನ ಗಾಯ ನೋಡಿದ ಡಾಕ್ಟರಮ್ಮ ಚೀಟಿಯಲ್ಲಿ "ಕೆಟಗರಿ 3" ಅಂತ ಬರೆದರು. ನಾಯಿ ಸುಮ್ನೆ ಮುಟ್ಟಿದರೆ, ಗಾಯವಿಲ್ಲದ ಚರ್ಮ ನೆಕ್ಕಿದರೆ ಒಂದನೆಯದು, ಅದಕ್ಕೆ ತೊಳೆದರೆ ಸಾಕು. ರಕ್ತ ಬರದ ಹಾಗೆ ತರಚಿದರೆ ಎರಡನೆಯದು, ಅದಕ್ಕೆ ಲಸಿಕೆ. ರಕ್ತ ಬಂತು ಅಂದರೆ ಮೂರನೆಯದು, ಅದಕ್ಕೆ ಲಸಿಕೆಯ ಜೊತೆ ಸೀರಮ್ಮೂ ಬೇಕು. ಗಾಯವಾದ ಜಾಗವನ್ನೋ ಬಾಯಿ, ಕಣ್ಣನ್ನೋ ನಾಯಿ ನೆಕ್ಕಿದರೂ ಮೂರನೆಯದೇ. ಒಂದು ಹನಿ ಬಂತೋ ಒಂದು ಲೋಟ ಬಂತೋ, ಲೆಕ್ಕ ಒಂದೇ.

"ತೂಕ ಎಷ್ಟು?" ಅಂದರು. ತೂಕದ ಯಂತ್ರದ ಮೇಲೆ ನಿಲ್ಲಿಸಿದರು. 60 ಕಿಲೋ. ಕುದುರೆಯಿಂದ ತೆಗೆದ ಸೀರಮ್ ಕಿಲೋಗೆ 40 ಯೂನಿಟ್ ಲೆಕ್ಕ. ಅಂದರೆ 2400 ಯೂನಿಟ್. ಅವರ ಹತ್ತಿರ ಇದ್ದ ಸೀಸೆಯ ಲೆಕ್ಕದಲ್ಲಿ 8 ಎಂಎಲ್. ಮನುಷ್ಯರ ರಕ್ತದಿಂದ ತೆಗೆದದ್ದಾದರೆ ಇದರ ಅರ್ಧ ಸಾಕು, ಆದರೆ ಅದಕ್ಕೆ ಬೆಲೆ ಜಾಸ್ತಿ. ಈಗ ಪ್ರಯೋಗಾಲಯದಲ್ಲೇ ತಯಾರಿಸುವ ಮೊನೊಕ್ಲೋನಲ್ ಆಂಟಿಬಾಡಿಗಳೂ ಬಂದಿವೆ, ನಮ್ಮ ದೇಶದ ಕಂಪನಿಗಳೇ ಮಾಡುತ್ತವೆ. ನನಗೆ ಸಿಕ್ಕಿದ್ದು ಕುದುರೆಯದ್ದು.

ಮಲಗಿಸಿದರು. ಪಕ್ಕದ ಟ್ರೇಯಲ್ಲಿ ಅಡ್ರಿನಲಿನ್ ತುಂಬಿದ ಸಿರಿಂಜ್ ಮೊದಲೇ ಸಿದ್ಧವಿತ್ತು. ಕುದುರೆಯ ಪ್ರೋಟೀನು ಕೆಲವರಿಗೆ ಒಗ್ಗದೇ ಹೋಗಬಹುದು, ಅದಕ್ಕೆ. ನರ್ಸಮ್ಮ ಗಾಯಕ್ಕೆ ಅಯೋಡಿನ್ ಹಚ್ಚಿ, "ಕಾಲು ಅಲ್ಲಾಡಿಸಬೇಡಿ ಅಣ್ಣ" ಅಂದರು.

ತೋಳಿಗೆ, ಸೊಂಟಕ್ಕೆ ಇಂಜೆಕ್ಷನ್ ತಗೊಂಡು ಅಭ್ಯಾಸ ಇದ್ದವರಿಗೆ ಇದು ಬೇರೆಯೇ ಲೋಕ. ಹಲ್ಲು ನಾಟಿದ ತೂತಿನ ಅಂಚಿನಿಂದ ಸೂಜಿ ಒಳಗೆ ಹೋಯಿತು. ಔಷಧ ಬಿಟ್ಟಂತೆ ಗಾಯದ ಸುತ್ತಲಿನ ಮಾಂಸ ಉಬ್ಬಿಕೊಂಡು ಬಂತು. ಸೂಜಿಯನ್ನು ಪೂರ್ತಿ ತೆಗೆಯದೆ ದಿಕ್ಕು ಬದಲಿಸಿ ಮತ್ತೊಂದು ಕಡೆಗೆ ಬಿಟ್ಟರು. ಆಮೇಲೆ ಎರಡನೇ ತೂತು. ಆಮೇಲೆ ಗೀರಿನ ಉದ್ದಕ್ಕೂ. ಗಾಯದ ಒಂದು ಮೂಲೆಯೂ ಒಣಗಿ ಉಳಿಯಬಾರದು, ಅದೇ ಗುರಿ. ನಾನು ಮಂಚದ ಕಬ್ಬಿಣ ಹಿಡಿದುಕೊಂಡು ಗೋಡೆಯ ಮೇಲಿನ ಪೋಲಿಯೋ ಪೋಸ್ಟರ್ ಓದುತ್ತಿದ್ದೆ. ಕಣ್ಣಲ್ಲಿ ನೀರು ಬಂತು ಅಂತ ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಹಿಂದೆಲ್ಲ ಮಿಕ್ಕ ಔಷಧವನ್ನು ತೊಡೆಗೋ ಸೊಂಟಕ್ಕೋ ಕೊಟ್ಟು ಮುಗಿಸುತ್ತಿದ್ದರಂತೆ. ಅದರಿಂದ ಹೆಚ್ಚು ಉಪಯೋಗವಿಲ್ಲ, ಗಾಯಕ್ಕೆ ಹಿಡಿಸಿದಷ್ಟು ಕೊಟ್ಟರೆ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. "ನಿಮ್ಮದು ಮೀನಖಂಡ, ಜಾಗ ಇದೆ. ಬೆರಳ ತುದಿಗೆ ಕಚ್ಚಿಸಿಕೊಂಡು ಬರ್ತಾರಲ್ಲ, ಅವರ ಕಷ್ಟ ನೋಡಬೇಕು" ಅಂದರು ನರ್ಸಮ್ಮ. ನನಗೆ ಅದರಿಂದ ಸಮಾಧಾನವಾಗಲಿಲ್ಲ.

ಇಷ್ಟು ನೋವು ಕೊಟ್ಟು ಗಾಯದೊಳಗೇ ಯಾಕೆ ಚುಚ್ಚಬೇಕು? ಇದು ಅರ್ಥವಾಗಬೇಕಾದರೆ ವೈರಸ್ಸು ಆ ಹೊತ್ತಿನಲ್ಲಿ ಏನು ಮಾಡುತ್ತಿರುತ್ತದೆ ಅಂತ ನೋಡಬೇಕು. ಆ ರಾತ್ರಿ ಕಾಲು ದಿಂಬಿನ ಮೇಲಿಟ್ಟುಕೊಂಡು ಅಕ್ಕನ ಮಗಳ ಹತ್ತಿರ ನಾನು ಕೇಳಿದ್ದೇ ಇದು.

ರೇಬೀಸ್ ವೈರಸ್ಸು ಬಂದೂಕಿನ ಗುಂಡಿನ ಆಕಾರದಲ್ಲಿರುತ್ತದೆ. ಒಂದು ತುದಿ ದುಂಡಗೆ, ಇನ್ನೊಂದು ತುದಿ ಚಪ್ಪಟೆ. ಉದ್ದ ಸುಮಾರು 180 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರ್ ಉದ್ದಕ್ಕೆ ಐದು ಸಾವಿರಕ್ಕೂ ಹೆಚ್ಚು ವೈರಸ್ಸುಗಳನ್ನು ಸಾಲಾಗಿ ಜೋಡಿಸಬಹುದು. ಒಳಗೆ ಒಂದೇ ಎಳೆಯ ಆರ್‌ಎನ್‌ಎ, ಸುಮಾರು 12 ಸಾವಿರ ಅಕ್ಷರಗಳದ್ದು. ಅದರಲ್ಲಿ ಬರೀ ಐದು ಜೀನ್. ಐದೇ ಪ್ರೋಟೀನುಗಳಲ್ಲಿ ಇಷ್ಟೆಲ್ಲ ಆಟ ಆಡುತ್ತದೆ ಅಂದರೆ ನನಗೆ ನಂಬಲು ಕಷ್ಟವಾಯಿತು. ಮೈ ತುಂಬ ಮುಳ್ಳುಗಳಿರುತ್ತವೆ. ಜೀವಕೋಶಕ್ಕೆ ಅಂಟಿಕೊಳ್ಳುವುದು ಈ ಮುಳ್ಳುಗಳಿಂದಲೇ.

ಕಚ್ಚಿದ ಕೂಡಲೇ ಅದು ಮಿದುಳಿಗೆ ಓಡುವುದಿಲ್ಲ. ರಕ್ತದಲ್ಲಿ ಸೇರಿ ಮೈಯೆಲ್ಲ ಸುತ್ತುವುದೂ ಇಲ್ಲ. ಹಾವಿನ ವಿಷಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಹಾಗಾಗಿ ಕಾಲಿಗೆ ಬಿಗಿಯಾಗಿ ಬಟ್ಟೆ ಕಟ್ಟಿದರೆ ಏನೂ ಪ್ರಯೋಜನವಿಲ್ಲ. ವೈರಸ್ಸು ಹಲ್ಲು ನಾಟಿದ ಜಾಗದ ಮಾಂಸಖಂಡದಲ್ಲೇ ಸ್ವಲ್ಪ ಕಾಲ ಇರುತ್ತದೆ, ಅಲ್ಲೇ ಸ್ವಲ್ಪ ಬೆಳೆಯುತ್ತದೆ. ಮಾಂಸಖಂಡವೂ ನರದ ತುದಿಯೂ ಕೂಡುವ ಜಾಗ ಒಂದಿದೆ. ಸಮಯ ಸಿಕ್ಕಾಗ ಅಲ್ಲಿಂದ ನರದೊಳಗೆ ನುಸುಳುತ್ತದೆ. ನರದ ಒಳಗೆ ಸರಕು ಸಾಗಿಸಲು ನಮ್ಮ ದೇಹವೇ ಒಂದು ವ್ಯವಸ್ಥೆ ಇಟ್ಟುಕೊಂಡಿದೆ. ತುದಿಯಿಂದ ಬುಡಕ್ಕೆ ಸಾಮಾನು ಎಳೆದೊಯ್ಯುವ ಡೈನೀನ್ ಎಂಬ ಪ್ರೋಟೀನು ವೈರಸ್ಸನ್ನೂ ಎಳೆದುಕೊಂಡು ಬೆನ್ನುಹುರಿ ಕಡೆಗೆ ಹೋಗುತ್ತದೆ. ದಿನಕ್ಕೆ ಕೆಲವು ಸೆಂಟಿಮೀಟರ್.

"ಒಂದು ಸಲ ನರದೊಳಗೆ ಹೋಯ್ತು ಅಂದ್ರೆ ಅದು ಆಂಟಿಬಾಡಿಗಳ ಕೈಗೆ ಸಿಗೋದು ಬಹಳ ಕಷ್ಟ, ಮಾವ. ಅದಕ್ಕೇ ನರ ಹತ್ತೋ ಮುಂಚೆ, ಗಾಯದಲ್ಲೇ ಹಿಡೀಬೇಕು."

"ಹಾಗಾದ್ರೆ ಲಸಿಕೆ ಯಾಕೆ?"

"ಲಸಿಕೆ ಹಾಕಿದ ತಕ್ಷಣ ಏನೂ ಆಗಲ್ಲ. ನಿಮ್ಮ ದೇಹ ಅದನ್ನ ನೋಡಿ ಆಂಟಿಬಾಡಿ ಮಾಡೋಕೆ ಒಂದು ವಾರದಿಂದ ಎರಡು ವಾರ ಬೇಕು. ಸೀರಮ್ ಅಂದ್ರೆ ಕೈಸಾಲ. ಲಸಿಕೆ ಅಂದ್ರೆ ಸ್ವಂತ ದುಡಿಮೆ. ಸಂಬಳ ಕೈಗೆ ಬರೋ ತನಕ ಕುದುರೆ ಹತ್ರ ಸಾಲ ಮಾಡಿ ದಿನ ದೂಡ್ಬೇಕು."

ವಿಮೆ ಏಜೆಂಟನಿಗೆ ಇದಕ್ಕಿಂತ ಚೆನ್ನಾಗಿ ಅರ್ಥವಾಗುವ ಹಾಗೆ ಯಾರೂ ಹೇಳಲಾರರು. ಈ ಸಾಲಕ್ಕೂ ಗಡುವಿದೆ. ಲಸಿಕೆಯ ಮೊದಲ ಡೋಸ್ ಆಗಿ ಏಳು ದಿನ ಕಳೆದ ಮೇಲೆ ಸೀರಮ್ ಕೊಡುವುದಿಲ್ಲ. ಅಷ್ಟು ಹೊತ್ತಿಗೆ ದೇಹ ತಾನೇ ಆಂಟಿಬಾಡಿ ಮಾಡಲು ಶುರು ಮಾಡಿರುತ್ತದೆ, ಹೊರಗಿನದ್ದು ಬಂದರೆ ಅದಕ್ಕೆ ಅಡ್ಡಿ. ಲಸಿಕೆ ಸರಿಯಾಗಿ ಹಾಕಿಸಿಕೊಂಡೂ ಅಲ್ಲೊಬ್ಬರು ಇಲ್ಲೊಬ್ಬರು ಸತ್ತ ಸುದ್ದಿ ಪೇಪರಿನಲ್ಲಿ ಬರುತ್ತದಲ್ಲ, ಅಂಥ ಕಡೆ ವಿಚಾರಿಸಿದರೆ ಎಷ್ಟೋ ಸಲ ಸೀರಮ್ ಕೊಟ್ಟಿರುವುದಿಲ್ಲ, ಅಥವಾ ಗಾಯ ಬಿಟ್ಟು ಬೇರೆಲ್ಲೋ ಕೊಟ್ಟಿರುತ್ತಾರೆ. ಮುಖಕ್ಕೆ, ಕುತ್ತಿಗೆಗೆ, ಕೈಬೆರಳಿಗೆ ಕಚ್ಚಿದರೆ ಭಯ ಇನ್ನೂ ಜಾಸ್ತಿ. ಅಲ್ಲಿ ನರಗಳು ದಟ್ಟವಾಗಿರುತ್ತವೆ, ಮುಖದಿಂದ ಮಿದುಳಿಗೆ ದೂರವೂ ಕಮ್ಮಿ. ನಾಯಿಯ ಎತ್ತರಕ್ಕೆ ಮಕ್ಕಳ ಮುಖವೇ ಸಿಗುವುದು. ರೇಬೀಸ್‌ನಿಂದ ಸಾಯುವವರಲ್ಲಿ ನೂರಕ್ಕೆ ನಲವತ್ತು ಜನ ಹದಿನೈದು ವರ್ಷದೊಳಗಿನವರು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಲಸಿಕೆಯ ಕಥೆ ಸೀರಮ್ಮಿನಷ್ಟು ಭಯಂಕರವಲ್ಲ. ಎರಡೂ ತೋಳಿಗೆ ಒಂದೊಂದು, ಚರ್ಮದ ಪದರದೊಳಗೆ. ಒಂದು ತೋಳಿಗೆ 0.1 ಎಂಎಲ್ ಮಾತ್ರ. ಸಣ್ಣ ಬಿಳಿ ಗುಳ್ಳೆ ಎದ್ದರೆ ಸರಿಯಾಗಿ ಬಿತ್ತು ಅಂತ ಅರ್ಥ. ಮೊದಲ ಡೋಸ್ ಹಾಕಿದ ದಿನವನ್ನೇ ಸೊನ್ನೆ ಅಂತ ಹಿಡಿದು 0, 3, 7, 28ನೇ ದಿನ. ಖಾಸಗಿ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ತೋಳಿನ ಮಾಂಸಖಂಡಕ್ಕೆ ಕೊಡುತ್ತಾರೆ, ಅದರಲ್ಲಿ 14ನೇ ದಿನವೂ ಸೇರಿ ಐದು. ಎರಡೂ ಕೆಲಸ ಮಾಡುತ್ತವೆ. ಚರ್ಮದಲ್ಲಿ ಹೊರಗಿನ ವಸ್ತುವನ್ನು ಗುರುತಿಸಿ ಸುದ್ದಿ ಮುಟ್ಟಿಸುವ ಕೋಶಗಳು ಜಾಸ್ತಿ, ಹಾಗಾಗಿ ಔಷಧ ಕಮ್ಮಿ ಸಾಕು. ಒಂದು ಸೀಸೆಯಲ್ಲಿ ಹಲವರಿಗೆ ಆಗುತ್ತದೆ. ಭಾರತದಲ್ಲಿ ಈ ಕ್ರಮಕ್ಕೆ ಒಪ್ಪಿಗೆ ಸಿಕ್ಕಿದ್ದು 2006ರಲ್ಲಿ. ಒಂದು ತೊಂದರೆ ಏನೆಂದರೆ, ಪುಡಿಗೆ ನೀರು ಬೆರೆಸಿ ಸೀಸೆ ತೆರೆದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಅದಕ್ಕೆ ನರ್ಸಮ್ಮ ಬಾಗಿಲಿಗೆ ಬಂದು, "ಇನ್ನಿಬ್ಬರು ಬರಲಿ, ತಡೀರಿ" ಅನ್ನುತ್ತಿದ್ದರು. ನಾವೆಲ್ಲ ಇನ್ನಿಬ್ಬರಿಗೆ ನಾಯಿ ಕಚ್ಚಲಿ ಅಂತ ಕಾಯುತ್ತಾ ಕೂರುತ್ತಿದ್ದೆವು!

ಲಸಿಕೆಯೊಳಗೆ ಇರುವುದು ಸತ್ತ ರೇಬೀಸ್ ವೈರಸ್ಸು. ವೈರಸ್ಸು ತಾನೇ ತಾನಾಗಿ ಬೆಳೆಯುವುದಿಲ್ಲ, ಅದಕ್ಕೊಂದು ಜೀವಕೋಶ ಬೇಕು. ಬಹುಪಾಲು ಕಂಪನಿಗಳು ಬಳಸುವುದು ವೀರೋ ಅನ್ನುವ ಕೋಶಗಳನ್ನು. 1962ರಲ್ಲಿ ಜಪಾನಿನ ಚಿಬಾದಲ್ಲಿ ಆಫ್ರಿಕಾದ ಒಂದು ಕೋತಿಯ ಮೂತ್ರಪಿಂಡದಿಂದ ತೆಗೆದ ಕೋಶಗಳು ಅವು, ಇವತ್ತಿಗೂ ಗಾಜಿನ ಪಾತ್ರೆಗಳಲ್ಲಿ ಬೆಳೆಯುತ್ತಲೇ ಇವೆ. ಇನ್ನು ಕೆಲವು ಲಸಿಕೆಗಳು ಕೋಳಿ ಭ್ರೂಣದ ಕೋಶಗಳಲ್ಲಿ ತಯಾರಾಗುತ್ತವೆ. ಬೆಳೆಸಿದ ವೈರಸ್ಸನ್ನು ರಾಸಾಯನಿಕ ಹಾಕಿ ಕೊಲ್ಲುತ್ತಾರೆ. ಮುಳ್ಳುಗಳು ಮಾತ್ರ ಹಾಗೇ ಉಳಿದಿರುತ್ತವೆ. ದೇಹಕ್ಕೆ ಗುರುತು ಹಿಡಿಯಲು ಅಷ್ಟು ಸಾಕು.

ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಯಜಮಾನರೊಬ್ಬರು ಈ ಗುಳ್ಳೆ ನೋಡಿ ನಕ್ಕರು. "ಇಷ್ಟೇನಾ? ನಮ್ಮ ಕಾಲದಲ್ಲಿ ಹೊಕ್ಕುಳ ಸುತ್ತ ಹದಿನಾಲ್ಕು" ಅಂತ ಅಂಗಿ ಎತ್ತಿಯೇ ತೋರಿಸಿದರು. ಗುರುತೇನೂ ಕಾಣಲಿಲ್ಲ, ಆದರೆ ಅವರಿಗೆ ಒಂದೊಂದು ಜಾಗವೂ ನೆನಪಿತ್ತು. ಅದು ಸೆಂಪಲ್ ಲಸಿಕೆ. ಡೇವಿಡ್ ಸೆಂಪಲ್ ಅನ್ನುವ ಬ್ರಿಟಿಷ್ ವೈದ್ಯ ಹಿಮಾಚಲದ ಕಸೌಲಿಯಲ್ಲಿ 1911ರ ಸುಮಾರಿಗೆ ರೂಪಿಸಿದ್ದು. ಕುರಿಯ ಮಿದುಳಿನಲ್ಲಿ ವೈರಸ್ ಬೆಳೆಸಿ, ಫಿನಾಲ್ ಹಾಕಿ ಕೊಂದು, ಆ ಮಿದುಳನ್ನೇ ಅರೆದು ಕೊಡುತ್ತಿದ್ದರು. ಪ್ರಮಾಣ ಜಾಸ್ತಿ, ಅದಕ್ಕೆ ಹೊಟ್ಟೆಯ ಅಗಲವಾದ ಚರ್ಮವೇ ಬೇಕಿತ್ತು. ನೋವು ಒಂದು ಕಡೆ ಇರಲಿ, ಕುರಿಯ ನರದ ಅಂಶ ಒಳಗೆ ಹೋಗುವುದರಿಂದ ಕೆಲವರಿಗೆ ದೇಹ ತನ್ನ ನರಗಳ ಮೇಲೆಯೇ ತಿರುಗಿಬಿದ್ದು ಪಾರ್ಶ್ವವಾಯು ಬರುತ್ತಿತ್ತು. ಭಾರತದಲ್ಲಿ ಇದರ ತಯಾರಿಕೆ ನಿಂತಿದ್ದು 2004ರ ಕೊನೆಯಲ್ಲಿ. ಆದರೂ ಹದಿನಾಲ್ಕು ಇಂಜೆಕ್ಷನ್ನಿನ ಭಯ ಇನ್ನೂ ಊರಲ್ಲಿ ಓಡಾಡುತ್ತಿದೆ. ಆ ಭಯಕ್ಕೇ ಆಸ್ಪತ್ರೆ ತಪ್ಪಿಸುವವರು ಈಗಲೂ ಇದ್ದಾರೆ.

ಇದಕ್ಕೂ ಹಿಂದೆ, 1885ರ ಜುಲೈ 6ರಂದು ಪ್ಯಾರಿಸ್‌ನಲ್ಲಿ ಲೂಯಿ ಪ್ಯಾಶ್ಚರ್ ಮೊದಲ ಬಾರಿಗೆ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಲಸಿಕೆ ಕೊಡಿಸಿದರು. ಹುಡುಗನಿಗೆ ಹುಚ್ಚುನಾಯಿ ಹಲವು ಕಡೆ ಕಚ್ಚಿತ್ತು. ರೇಬೀಸ್‌ನಿಂದ ಸತ್ತ ಮೊಲದ ಬೆನ್ನುಹುರಿಯನ್ನು ಒಣಗಿಸಿ ಒಣಗಿಸಿ ವಿಷದ ಶಕ್ತಿ ಕುಂದಿಸಿದ ಔಷಧ ಅದು. ಹುಡುಗ ಬದುಕಿದ. ನನಗೆ ಇದರಲ್ಲಿ ಬೆರಗು ಹುಟ್ಟಿಸುವುದು ಬೇರೆ. ಪ್ಯಾಶ್ಚರ್‌ಗೆ ವೈರಸ್ಸು ಕಂಡೇ ಇರಲಿಲ್ಲ. ಅವರ ಕಾಲದ ಸೂಕ್ಷ್ಮದರ್ಶಕದಲ್ಲಿ ಅದು ಕಾಣುವಂಥದ್ದೂ ಅಲ್ಲ. ಕಾಣದ ಶತ್ರುವಿನ ನಿಧಾನ ಒಂದನ್ನೇ ನಂಬಿ, ಅದು ಮಿದುಳು ಮುಟ್ಟುವ ಮೊದಲು ದೇಹವನ್ನು ತಯಾರು ಮಾಡಬಹುದು ಅಂತ ಲೆಕ್ಕ ಹಾಕಿದ್ದರು. ಕಚ್ಚಿದ ಮೇಲೆ ಲಸಿಕೆ ಕೊಟ್ಟು ಗೆಲ್ಲಬಹುದಾದ ರೋಗಗಳು ಎಷ್ಟಿವೆ ಹೇಳಿ?

ನಾಯಿಯ ವಿಷಯಕ್ಕೆ ಬರುತ್ತೇನೆ. ಆ ಹಳ್ಳಿಯ ಟೀ ಅಂಗಡಿಯವರಿಗೆ ನನ್ನ ನಂಬರ್ ಕೊಟ್ಟು ಬಂದಿದ್ದೆ. ದಿನಾ ಬೆಳಿಗ್ಗೆ ಫೋನ್. "ಇದೆ ಸಾರ್, ಬನ್ ತಿಂತಾ ಇದೆ." "ಇದೆ ಸಾರ್, ಮಲಗಿದೆ." ಮಲಗಿದೆ ಅಂದ ದಿನ ನನಗೆ ನಿದ್ದೆ ಇಲ್ಲ. ಒಂದು ದಿನ, "ಕಾಣ್ತಾ ಇಲ್ಲ ಸಾರ್" ಅಂದರು. ಮಾರನೇ ದಿನವೂ ಇಲ್ಲ. ಮದುವೆ ಮನೆ ಕಡೆ ಹೋಗಿರಬಹುದು, ಲಾರಿಗೆ ಸಿಕ್ಕಿರಬಹುದು, ಬೇರೆ ಏನೋ ಆಗಿರಬಹುದು. ಆ ನಾಯಿ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಕ್ಲಿನಿಕ್ಕಿನವರ ಮಾತು ಕೇಳಿ ಕಾದಿದ್ದರೆ, ಸತ್ತಿತೋ ಬದುಕಿತೋ ಅಂತ ತಿಳಿಯದೆ ಆಗ ಶುರು ಮಾಡಬೇಕಾಗಿತ್ತು.

ನಾಯಿ ಮಾಯವಾದ ಮೇಲೆ ಮನಸ್ಸು ಸುಮ್ಮನಿರಲಿಲ್ಲ. ಈ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡು ಮೂರು ತಿಂಗಳು. ಒಂದು ವಾರದಲ್ಲೂ ಬರಬಹುದು, ಒಂದು ವರ್ಷಕ್ಕೂ ಬರಬಹುದು. ಮೊದಲ ಲಕ್ಷಣಗಳಲ್ಲಿ ಒಂದು, ಕಚ್ಚಿದ ಜಾಗದಲ್ಲಿ ಜುಮುಗುಡುವುದು, ತುರಿಕೆ. ಗಾಯ ಮಾಯುವಾಗಲೂ ತುರಿಕೆ ಇದ್ದೇ ಇರುತ್ತದೆ ಅಲ್ವಾ? ನನ್ನದು ಚೆನ್ನಾಗಿ ಮಾಯುತ್ತಿತ್ತು, ಅಂದರೆ ಚೆನ್ನಾಗಿ ತುರಿಸುತ್ತಿತ್ತು. ರಾತ್ರಿ ಹೊತ್ತು ಎದ್ದು ಕೂತು ಮೀನಖಂಡ ಮುಟ್ಟಿ ಮುಟ್ಟಿ ನೋಡುವುದು. ಬೆಳಿಗ್ಗೆ ಎದ್ದು ಮೊದಲು ಒಂದು ಲೋಟ ನೀರು ಕುಡಿದು, ಗಂಟಲಲ್ಲಿ ಇಳಿಯಿತಾ ಅಂತ ಪರೀಕ್ಷೆ. ಹೆಂಡತಿ ಒಂದು ದಿನ ನೋಡಿ, "ಏನ್ರೀ ಅದು, ತೀರ್ಥ ತಗೊಳ್ಳೋ ಹಾಗೆ ಕುಡೀತಿದ್ದೀರಿ" ಅಂದಳು.

ನೀರಿನ ಹೆದರಿಕೆ ಸುಮ್ಮನೆ ಹುಟ್ಟಿದ ಮಾತಲ್ಲ. ವೈರಸ್ಸು ಮಿದುಳಿನ ಬುಡವನ್ನು ತಲುಪಿದಾಗ ನುಂಗುವ, ಉಸಿರಾಡುವ ನರಗಳ ಹತೋಟಿ ತಪ್ಪುತ್ತದೆ. ನೀರು ಬಾಯಿಗಿಟ್ಟರೆ ಗಂಟಲಿನ ಸ್ನಾಯುಗಳು ಸೆಟೆದುಕೊಂಡು ಉಸಿರು ಕಟ್ಟುತ್ತದೆ. ಆಮೇಲಾಮೇಲೆ ನೀರು ನೋಡಿದರೇ ಹಾಗಾಗುತ್ತದೆ. ಮುಖಕ್ಕೆ ಫ್ಯಾನಿನ ಗಾಳಿ ಬಡಿದರೂ ಅಷ್ಟೇ. ಇದರಲ್ಲಿ ವೈರಸ್ಸಿಗೆ ಲಾಭವೂ ಇದೆ. ಮಿದುಳಿನಿಂದ ಅದು ಮತ್ತೆ ನರಗಳ ಮೂಲಕವೇ ಇಳಿದು ಜೊಲ್ಲು ಗ್ರಂಥಿಗೆ ಬಂದು ಸೇರಿರುತ್ತದೆ. ಪ್ರಾಣಿ ಜೊಲ್ಲು ನುಂಗಲಾರದು, ಬಾಯಲ್ಲಿ ವೈರಸ್ ತುಂಬಿರುತ್ತದೆ, ತಲೆಯಲ್ಲಿ ಕೆರಳು. ಕಚ್ಚಿಸಿಯೇ ಬಿಡುತ್ತದೆ. ಆದರೆ ಎಲ್ಲ ನಾಯಿಗಳೂ ಹೀಗೆ ಕೆರಳುವುದಿಲ್ಲ. ಕೆಲವು ಮಂಕಾಗಿ, ಹಿಂಗಾಲು ಸೋತು, ದವಡೆ ಜೋತುಬಿದ್ದು ಮೂಲೆ ಸೇರುತ್ತವೆ. ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕಿ ನೋಡುವವರು ಸಿಕ್ಕಿಬೀಳುವುದು ಇಂಥವುಗಳ ಹತ್ತಿರವೇ. ಮನುಷ್ಯರಲ್ಲೂ ಪಾರ್ಶ್ವವಾಯುವಿನ ಹಾಗೆ ಬರುವ ರೇಬೀಸ್ ಉಂಟು.

ಲಕ್ಷಣ ಶುರುವಾದ ಮೇಲೆ ಮದ್ದಿಲ್ಲ. ಬದುಕಿದವರು ಬೆರಳೆಣಿಕೆಯಷ್ಟು. 2004ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬಾವಲಿ ಕಚ್ಚಿದ್ದ ಹದಿನೈದರ ಹುಡುಗಿಯೊಬ್ಬಳು, ಲಸಿಕೆ ತಗೊಳ್ಳದೆಯೂ, ವೈದ್ಯರು ಕೋಮಾದಲ್ಲಿಟ್ಟು ಚಿಕಿತ್ಸೆ ಕೊಟ್ಟ ಮೇಲೆ ಬದುಕಿದಳು. ಅದೇ ದಾರಿ ಹಿಡಿದ ಮಿಕ್ಕವರಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಸಾವು, ಅದರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಭಾರತದ್ದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕರ್ನಾಟಕದಲ್ಲಿ 2022ರ ಕೊನೆಯಿಂದ ಮನುಷ್ಯರ ರೇಬೀಸ್ ಪ್ರಕರಣ ಯಾವ ಆಸ್ಪತ್ರೆಗೆ ಬಂದರೂ ಸರ್ಕಾರಕ್ಕೆ ತಿಳಿಸಲೇಬೇಕು.

ಪಥ್ಯದ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೋಳಿ, ಮೊಟ್ಟೆ, ಬದನೆಕಾಯಿ, ತಲೆಸ್ನಾನ, ಎಲ್ಲ ಬಿಡಬೇಕು ಅಂತ ಅತ್ತೆ ಹೇಳಿ ಕಳಿಸಿದ್ದರು. ಡಾಕ್ಟರಮ್ಮನನ್ನು ಕೇಳಿದೆ. "ಎಲ್ಲಾ ತಿನ್ನಿ. ಡೋಸ್ ಒಂದು ತಪ್ಪಿಸಬೇಡಿ" ಅಂದರು. ಎಣ್ಣೆಗಾಯಿ ತಿಂದೆ, ಅತ್ತೆಗೆ ಹೇಳಲಿಲ್ಲ.

ಈ ನಡುವೆ ಆ ಹಳ್ಳಿಯವರ ಜೊತೆ ಮಾತಾಡಿ ಪಶು ಆಸ್ಪತ್ರೆಯವರನ್ನು ಕರೆಸಿದೆವು. ಊರ ನಾಯಿಗಳಲ್ಲಿ ಕೈಗೆ ಸಿಕ್ಕವಕ್ಕೆಲ್ಲ ಲಸಿಕೆ ಹಾಕಿದರು. ಸಿಗದೇ ಓಡಿದವೂ ಇದ್ದವು. ನೂರಕ್ಕೆ ಎಪ್ಪತ್ತು ನಾಯಿಗಳಿಗೆ ಲಸಿಕೆ ಬಿದ್ದರೆ ವೈರಸ್ಸು ಒಂದರಿಂದ ಇನ್ನೊಂದಕ್ಕೆ ಹಾರಲು ದಾರಿ ಸಿಗದೆ ಸಾಯುತ್ತದಂತೆ. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ನೂರಕ್ಕೆ 99 ನಾಯಿಯಿಂದಲೇ. ಪಕ್ಕದ ಗೋವಾದಲ್ಲಿ ವರ್ಷಕ್ಕೆ ಲಕ್ಷದ ಹತ್ತಿರ ನಾಯಿಗಳಿಗೆ ಬಲೆ ಹಿಡಿದು ಓಡಾಡಿ ಲಸಿಕೆ ಹಾಕಿದರು, ಮನುಷ್ಯರ ಸಾವು ಅಲ್ಲಿ ನಿಂತಿತು. ನಾಯಿ ಕೊಲ್ಲುವ ಮಾತಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಒಪ್ಪುವವರು ಕಮ್ಮಿ.

28ನೇ ದಿನದ ಡೋಸ್‌ಗೆ ಸಾಲು ಚಿಕ್ಕದಿತ್ತು. ಗಾಯ ಒಣಗಿದೆ, ನೋವಿಲ್ಲ, ಕೊನೆಯದು ಬೇಡ ಅಂತ ತುಂಬ ಜನ ಬರುವುದೇ ಇಲ್ಲ ಅಂದರು ನರ್ಸಮ್ಮ. ಮೊದಲು ಹುಟ್ಟಿದ ಆಂಟಿಬಾಡಿಗಳು ಬಹುಕಾಲ ನಿಲ್ಲಬೇಕಾದರೆ ಈ ಡೋಸ್ ಬೇಕು. ಹಾಕಿಸಿಕೊಂಡು ಬಂದು ಅಕ್ಕನ ಮಗಳಿಗೆ ಫೋನ್ ಮಾಡಿ, ಚೀಟಿ ಇನ್ನು ಬಿಸಾಕಬಹುದಾ ಅಂತ ಕೇಳಿದೆ.

"ಅಯ್ಯೋ, ಬಿಸಾಕ್ಬೇಡಿ ಮಾವ. ಇನ್ನೊಂದ್ಸಲ ಕಚ್ಚಿದ್ರೆ ನಿಮಗೆ ಸೀರಮ್ ಬೇಕಾಗಲ್ಲ. ಲಸಿಕೆ ಕೂಡ ಎರಡೇ ದಿನ, ಸೊನ್ನೆ ಮತ್ತು ಮೂರು. ಆದ್ರೆ ಪೂರ್ತಿ ಕೋರ್ಸ್ ಮುಗಿಸಿದ್ದೀರಿ ಅಂತ ಚೀಟಿ ತೋರಿಸ್ಬೇಕು. ಇಲ್ಲಾಂದ್ರೆ ಮತ್ತೆ ಮೊದಲಿಂದ."

ಗಾಯದೊಳಗಿನ ಸೂಜಿ ನೆನಪಾಯಿತು. ಚೀಟಿಯನ್ನು ಲ್ಯಾಮಿನೇಷನ್ ಮಾಡಿಸಿ, ಬೈಕಿನ ಆರ್‌ಸಿ ಜೊತೆ ಇಟ್ಟಿದ್ದೇನೆ.